ಲೋಕವೇ ಬಂಜೆಯಾದರೂ ತಪ್ಪು ಹೆಣ್ಣಿನದೇ?

ಕಳೆದ ವರ್ಷ ಪಕ್ಕದ ಹಳ್ಳಿಯ ಸ್ವಸಹಾಯ ಸಂಘವೊಂದರ ವಾರದ ಸಭೆಗೆ ಹೋಗಿದ್ದೆ. ಅಲ್ಲಿ ಲೆಕ್ಕ ಬರೆಯುವವಳು ನನ್ನ ಹಳೆಯ ವಿದ್ಯಾರ್ಥಿನಿ, ಅವಳೇ ಕರೆದಿದ್ದಳು. ಉಳಿತಾಯದ ಹಣ ಎಣಿಸಿ ಮುಗಿದ ಮೇಲೆ ಸಾಲದ ಮಾತು ಬಂತು. ಒಬ್ಬಳಿಗೆ ಎಮ್ಮೆ ಕೊಳ್ಳಬೇಕು, ಇನ್ನೊಬ್ಬಳಿಗೆ ಹೊಲಿಗೆ ಯಂತ್ರ, ಮತ್ತೊಬ್ಬಳಿಗೆ ಮಗನ ಕಾಲೇಜಿನ ಫೀಸು. ಕೊನೆಯಲ್ಲಿ ಮೂಲೆಯಲ್ಲಿ ಕುಳಿತಿದ್ದ ಹೆಣ್ಣುಮಗಳೊಬ್ಬಳು ತಲೆ ತಗ್ಗಿಸಿಕೊಂಡೇ 40,000 ರೂಪಾಯಿ ಕೇಳಿದಳು. ಯಾತಕ್ಕೆಂದು ಕೇಳಿದರೆ ಅವಳ ಬಾಯಿಂದ ಮಾತಿಲ್ಲ. ಪಕ್ಕದವಳೇ ಹೇಳಿದಳು: "ಮಕ್ಕಳಾಗೋ ಔಷಧಿಗೆ ಮೇಡಂ. ಮದುವೆಯಾಗಿ ಆರು ವರ್ಷ ಆಯ್ತು."

"ಡಾಕ್ಟರು ಏನಂದರಮ್ಮ?"

"ನನ್ನಲ್ಲಿ ಏನೂ ತೊಂದರೆ ಇಲ್ಲ ಅಂದ್ರು. ಯಜಮಾನರನ್ನ ಕರ್ಕೊಂಡು ಬಾ ಅಂದ್ರು."

"ಅವರು ಬಂದರಾ?"

"ಅವರನ್ನ ಹೆಂಗೆ ಕೇಳೋದು ಮೇಡಂ? ನನ್ನ ಮಗನಿಗೇ ಹೆಸರಿಡ್ತೀಯಾ ಅಂತ ಅತ್ತೆ ಹೊಡೆಯೋಕೆ ಬರ್ತಾರೆ. ಬೇರೆ ಡಾಕ್ಟರಿಗೆ ತೋರಿಸು, ದುಡ್ಡು ನಿನ್ನ ತವರಿಂದ ತಗೊಂಡು ಬಾ ಅಂತಾರೆ. ತವರಲ್ಲಿ ಏನೂ ಉಳಿದಿಲ್ಲ. ಅದಕ್ಕೇ ಸಂಘದಲ್ಲಿ ಕೇಳ್ತಿದೀನಿ."

ಆರು ವರ್ಷದಲ್ಲಿ ಅವಳ ರಕ್ತ ಎಷ್ಟು ಸಲ ತೆಗೆದರೋ ಲೆಕ್ಕವಿಲ್ಲ. ಹೊಟ್ಟೆಗೆ ತೂತು ಹಾಕಿ ದುರ್ಬೀನು ಇಳಿಸಿ ಎರಡು ಬಾರಿ ನೋಡಿದ್ದಾರೆ. ಅಶ್ವತ್ಥಕಟ್ಟೆ ಸುತ್ತಿದ್ದಾಳೆ, ನಾಗರಕಲ್ಲಿಗೆ ಹಾಲೆರೆದಿದ್ದಾಳೆ, ಮೂರು ದೇವಸ್ಥಾನಗಳಲ್ಲಿ ತೊಟ್ಟಿಲು ಕಟ್ಟಿದ್ದಾಳೆ. ಆ ಗಂಡನ ವೀರ್ಯ ಪರೀಕ್ಷೆ ಮಾತ್ರ ಒಂದು ಸಲವೂ ಆಗಿಲ್ಲ. ಎಲ್ಲ ಪರೀಕ್ಷೆಗಳಲ್ಲಿ ಅದೇ ಅತ್ಯಂತ ಸುಲಭದ್ದು. ಸೂಜಿ ಬೇಡ, ಕತ್ತರಿ ಬೇಡ, ಅರಿವಳಿಕೆ ಬೇಡ.

ಅಂದು ರಾತ್ರಿ ನನಗೆ ನೆನಪಾದದ್ದು ಎರಡು ಇಂಗ್ಲಿಷ್ ಕಾದಂಬರಿಗಳು. ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸಿದವಳು ನಾನು. ಮುಂದೊಂದು ದಿನ ಲೋಕದಲ್ಲಿ ಮಕ್ಕಳೇ ಹುಟ್ಟದೆ ಮನುಷ್ಯಕುಲವೇ ಅಳಿದುಹೋಗುವ ಸ್ಥಿತಿ ಬಂದರೆ ಏನಾದೀತು ಎಂದು ಕಲ್ಪಿಸಿ ಬರೆದ ಕಥೆಗಳು ಅವು. ಓದಿದಾಗ ದೂರದೇಶದ ಕಲ್ಪನೆ ಎನಿಸಿತ್ತು. ಆ ಸಭೆಯಿಂದ ಬಂದ ಮೇಲೆ ಹಾಗೆ ಅನಿಸಲಿಲ್ಲ. ಆ ಕಥೆಗಳನ್ನು ನಿಮಗೆ ಹೇಳಲೇಬೇಕು ಅನ್ನಿಸಿತು.

ಮೊದಲನೆಯದು ಇಂಗ್ಲೆಂಡಿನ ಲೇಖಕಿ ಪಿ.ಡಿ. ಜೇಮ್ಸ್ 1992ರಲ್ಲಿ ಬರೆದ 'ದಿ ಚಿಲ್ಡ್ರನ್ ಆಫ್ ಮೆನ್'. ಕಥೆ ನಡೆಯುವುದು 2021ರಲ್ಲಿ. ಆ ಕಥೆಯಲ್ಲಿ 1995ರಿಂದೀಚೆಗೆ ಇಡೀ ಭೂಮಿಯ ಮೇಲೆ ಒಂದೇ ಒಂದು ಮಗು ಹುಟ್ಟಿಲ್ಲ. ಶಾಲೆಗಳು ಮುಚ್ಚಿವೆ. ಹೆಂಗಸರು ಬೊಂಬೆಗಳನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಬೀದಿಯಲ್ಲಿ ಓಡಾಡುತ್ತಾರೆ. ಇದಕ್ಕೆ ಕಾರಣವೇನು? ಲೇಖಕಿ ಸ್ಪಷ್ಟವಾಗಿ ಹೇಳುತ್ತಾರೆ: ಗಂಡಸರ ವೀರ್ಯ ಶಕ್ತಿ ಕಳೆದುಕೊಂಡಿದೆ.

ಈ ಕಾದಂಬರಿಯನ್ನು ಆಧರಿಸಿ 2006ರಲ್ಲಿ ಒಂದು ಸಿನಿಮಾ ಬಂತು. ನಿರ್ದೇಶಕ ಅಲ್ಫೊನ್ಸೊ ಕ್ವಾರೊನ್. ಒಳ್ಳೆಯ ಸಿನಿಮಾ ಎಂದು ಲೋಕವೆಲ್ಲ ಹೊಗಳಿತು. ಆದರೆ ಅದರಲ್ಲಿ ಒಂದು ಬದಲಾವಣೆ ಆಗಿಹೋಗಿತ್ತು. ಪುಸ್ತಕದಲ್ಲಿ ದೋಷವಿದ್ದದ್ದು ಗಂಡಸರಲ್ಲಿ. ತೆರೆಗೆ ಬರುವಷ್ಟರಲ್ಲಿ ಹೆಂಗಸರು ಬಂಜೆಯರಾಗಿದ್ದರು! ಹೆಣ್ಣೊಬ್ಬಳು ಬರೆದ ಕಥೆಯಲ್ಲಿ ಗಂಡಿನ ಮೇಲಿದ್ದ ಕಾರಣ ಸದ್ದಿಲ್ಲದೆ ಹೆಣ್ಣಿನ ಹೊಟ್ಟೆಗೆ ಬಂದು ಕುಳಿತಿತು. ನಮ್ಮ ಹಳ್ಳಿಯ ಅತ್ತೆ "ನನ್ನ ಮಗನಿಗೇ ಹೆಸರಿಡ್ತೀಯಾ" ಎಂದು ಕೇಳಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ?

ಎರಡನೆಯದು ಕೆನಡಾದ ಮಾರ್ಗರೆಟ್ ಅಟ್‌ವುಡ್ 1985ರಲ್ಲಿ ಪ್ರಕಟಿಸಿದ 'ದಿ ಹ್ಯಾಂಡ್‌ಮೇಡ್ಸ್ ಟೇಲ್'. ಅಮೆರಿಕದಲ್ಲಿ ವಿಷಗಾಳಿ, ವಿಕಿರಣ, ರೋಗಗಳಿಂದ ಮಕ್ಕಳು ಹುಟ್ಟುವುದು ತೀರ ಕಡಿಮೆಯಾಗುತ್ತದೆ. ಧರ್ಮದ ಹೆಸರು ಹೇಳುವ ಗುಂಪೊಂದು ಸರ್ಕಾರವನ್ನು ಉರುಳಿಸಿ ಗಿಲಿಯಡ್ ಎಂಬ ಹೊಸ ರಾಜ್ಯ ಕಟ್ಟುತ್ತದೆ. ಹೆರುವ ಶಕ್ತಿಯಿದೆ ಎನ್ನಿಸಿದ ಹೆಂಗಸರನ್ನು ಹಿಡಿದು, ಕೆಂಪು ಬಟ್ಟೆ ತೊಡಿಸಿ, ದೊಡ್ಡ ಅಧಿಕಾರಿಗಳ ಮನೆಗೆ ಹೆರಿಗೆಯ ದಾಸಿಯರನ್ನಾಗಿ ಕಳಿಸುತ್ತಾರೆ. ಅವರಿಗೆ ಸ್ವಂತ ಹೆಸರೂ ಇಲ್ಲ. ಕಥೆ ಹೇಳುವವಳ ಹೆಸರು ಆಫ್‌ಫ್ರೆಡ್, ಎಂದರೆ ಫ್ರೆಡ್ ಎಂಬುವವನಿಗೆ ಸೇರಿದವಳು. ಮೂರು ಮನೆಗಳಲ್ಲಿ ಇದ್ದೂ ಮಗು ಹೆರದಿದ್ದರೆ ಅವಳು ಹೆಣ್ಣೇ ಅಲ್ಲವೆಂದು ತೀರ್ಮಾನಿಸಿ, ವಿಷದ ಕಸ ಬಳಿಯುವ ಜಾಗಕ್ಕೆ ಸಾಯಲು ಅಟ್ಟುತ್ತಾರೆ.

ಆ ರಾಜ್ಯದ ಕಾನೂನಿನ ಪ್ರಕಾರ ಬಂಜೆತನವೆಂಬುದು ಹೆಂಗಸರಿಗೆ ಮಾತ್ರ ಇರುವುದು. ಗಂಡಸಿನಲ್ಲಿ ದೋಷವಿದೆ ಎಂದು ಬಾಯಿಬಿಟ್ಟು ಹೇಳುವುದೇ ನಿಷಿದ್ಧ. ಆದರೆ ಎಲ್ಲರಿಗೂ ಒಳಗೊಳಗೇ ಸತ್ಯ ಗೊತ್ತು! ಅಧಿಕಾರಿಯ ಹೆಂಡತಿಯೇ ಗುಟ್ಟಾಗಿ ದಾಸಿಯನ್ನು ಕಾರು ಓಡಿಸುವ ಹುಡುಗನ ಬಳಿಗೆ ಕಳಿಸುತ್ತಾಳೆ. ಗಂಡನ ಮಾನ ಉಳಿಯಬೇಕು, ಮಗುವೂ ಬೇಕು, ಬೆಲೆ ಮಾತ್ರ ಬೇರೊಬ್ಬ ಹೆಣ್ಣು ತೆರಬೇಕು. ನಮ್ಮ ಮಹಾಭಾರತದ ಅಂಬಿಕೆ, ಅಂಬಾಲಿಕೆಯರು ಮಾಡಿದ್ದೇನು? ವಂಶಕ್ಕೆ ವಾರಸುದಾರ ಬೇಕಾಯಿತು. ಕಣ್ಣು ಮುಚ್ಚಿಕೊಂಡವಳ, ಬಿಳಿಚಿಕೊಂಡವಳ ಇಷ್ಟವನ್ನು ಯಾರು ಕೇಳಿದರು?

ಸಂಘದ ಗೆಳತಿಯರು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಕಾದಂಬರಿಯಲ್ಲಿ ಹೆಂಗಸರಿಗೆ ಬಿದ್ದ ಮೊದಲ ಏಟು ಯಾವುದು ಗೊತ್ತೇ? ಕೆಂಪು ಬಟ್ಟೆ ಬಂದದ್ದು ಆಮೇಲೆ. ಒಂದು ಬೆಳಿಗ್ಗೆ ಎಲ್ಲ ಹೆಂಗಸರ ಬ್ಯಾಂಕ್ ಖಾತೆಗಳನ್ನು ಒಮ್ಮೆಲೇ ಸ್ಥಗಿತಗೊಳಿಸುತ್ತಾರೆ. ಅದೇ ದಿನ ಅವರನ್ನು ಕೆಲಸದಿಂದ ತೆಗೆಯುತ್ತಾರೆ. ಅವರ ಹಣ ಗಂಡನ ಕೈಗೆ, ಗಂಡನಿಲ್ಲದಿದ್ದರೆ ಹತ್ತಿರದ ಗಂಡು ಸಂಬಂಧಿಯ ಕೈಗೆ ಹೋಗುತ್ತದೆ. ಪಾಸ್‌ಬುಕ್ ಕಿತ್ತುಕೊಂಡ ಮೇಲೆ ಗರ್ಭ ಕಿತ್ತುಕೊಳ್ಳುವುದು ಸುಲಭ. ವಾರಕ್ಕೆ ಹತ್ತು, ಇಪ್ಪತ್ತು ರೂಪಾಯಿ ಕೂಡಿಟ್ಟು ನಾವು ಕಟ್ಟಿಕೊಂಡ ಈ ಸಂಘಗಳಿಗೆ ಎಷ್ಟು ಬೆಲೆಯಿದೆ ಎಂಬುದು ಆ ಪುಟಗಳನ್ನು ಓದಿದರೆ ತಿಳಿಯುತ್ತದೆ.

ಇವೆಲ್ಲ ಕಟ್ಟುಕಥೆ ಎನ್ನುವಿರಾ? ಎಲ್ಲಿಯೂ ಎಂದೂ ನಡೆಯದಿದ್ದ ಯಾವುದನ್ನೂ ತಾನು ಆ ಪುಸ್ತಕದಲ್ಲಿ ಸೇರಿಸಿಲ್ಲ ಎಂದು ಅಟ್‌ವುಡ್ ಮತ್ತೆ ಮತ್ತೆ ಹೇಳಿದ್ದಾರೆ. ಯುರೋಪಿನ ರೊಮೇನಿಯಾ ದೇಶವನ್ನೇ ನೋಡಿ. ಜನಸಂಖ್ಯೆ ಸಾಲದೆಂದು ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕು 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿದ. 45 ದಾಟಿದವರು, ನಾಲ್ಕು ಮಕ್ಕಳನ್ನು ಹೆತ್ತವರು ಮುಂತಾದ ಕೆಲವರಿಗೆ ಮಾತ್ರ ವಿನಾಯಿತಿ. ಗರ್ಭನಿರೋಧಕಗಳು ಅಂಗಡಿಯಿಂದ ಮಾಯವಾದವು. ಮಕ್ಕಳಿಲ್ಲದವರ ಮೇಲೆ ತೆರಿಗೆ ಬಿತ್ತು. 1980ರ ದಶಕದಲ್ಲಂತೂ ಕಾರ್ಖಾನೆಗಳಿಗೇ ವೈದ್ಯರನ್ನು ಕಳಿಸಿ ಹೆಂಗಸರು ಬಸಿರಾಗಿದ್ದಾರೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದರು. ಮೊದಲ ವರ್ಷ ಮಕ್ಕಳ ಸಂಖ್ಯೆ ಸುಮಾರು ಎರಡರಷ್ಟಾಯಿತು. ಆಮೇಲೆ ಮತ್ತೆ ಇಳಿಯಿತು. ಉಳಿದದ್ದು ಕದ್ದುಮುಚ್ಚಿ ಗರ್ಭ ತೆಗೆಸಿಕೊಳ್ಳಲು ಹೋಗಿ ಸತ್ತ ಸಾವಿರಾರು ಹೆಂಗಸರ ಹೆಣಗಳು, ಅನಾಥಾಲಯಗಳಲ್ಲಿ ತುಂಬಿ ತುಳುಕಿದ ಮಕ್ಕಳು. 1989ರ ಡಿಸೆಂಬರಿನಲ್ಲಿ ಜನ ಅವನನ್ನು ಕಿತ್ತೊಗೆದರು. ಹೊಸ ಸರ್ಕಾರ ಮೊದಮೊದಲು ರದ್ದುಮಾಡಿದ ಕಾನೂನುಗಳಲ್ಲಿ ಇದೂ ಒಂದು.

ಸರ್ವಾಧಿಕಾರವೇ ಇರಬೇಕೆಂದೇನೂ ಇಲ್ಲ. ದಕ್ಷಿಣ ಕೊರಿಯಾದಲ್ಲಿ ಚುನಾಯಿತ ಸರ್ಕಾರವಿದೆ. ಅಲ್ಲಿನ ಜನನ ಪ್ರಮಾಣ ಲೋಕದ ಅತಿ ಕಡಿಮೆ ಪ್ರಮಾಣಗಳಲ್ಲೊಂದು. 2023ರಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 0.72 ಮಗು. 2016ರಲ್ಲಿ ಅಲ್ಲಿನ ಸರ್ಕಾರ ಒಂದು ನಕ್ಷೆ ಹೊರಡಿಸಿತು. ಯಾವ ಜಿಲ್ಲೆಯಲ್ಲಿ ಹೆರುವ ವಯಸ್ಸಿನ ಎಷ್ಟು ಹೆಂಗಸರಿದ್ದಾರೆ ಎಂದು ಗುಲಾಬಿ ಬಣ್ಣ ಹಚ್ಚಿ ತೋರಿಸಿದ ನಕ್ಷೆ! ನಾವೇನು ಸಾಕಿದ ಹಸುಗಳೇ ಎಂದು ಹೆಂಗಸರು ಸಿಡಿದೆದ್ದರು. ಸರ್ಕಾರ ನಕ್ಷೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಹೆರುವ ವಯಸ್ಸಿನ ಗಂಡಸರ ನಕ್ಷೆಯೊಂದನ್ನು ಬಿಡಿಸಬಹುದೆಂದು ಯಾವ ಅಧಿಕಾರಿಗೂ ಹೊಳೆಯಲಿಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿ ದಶಕಗಳ ಕಾಲ ಕೇಳಿದ್ದು ಇದಕ್ಕೆ ವಿರುದ್ಧವಾದ ಮಾತು: ಮಕ್ಕಳು ಜಾಸ್ತಿಯಾದವು, ನಿಲ್ಲಿಸಿ. 1975ರಿಂದ 77ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ಲಕ್ಷಾಂತರ ಗಂಡಸರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು. ಅದು ಖಂಡನೀಯವೇ, ಎರಡು ಮಾತಿಲ್ಲ. ಗಂಡಸರ ಮೈಗೆ ಕೈಯಿಟ್ಟ ಆ ಸರ್ಕಾರ 1977ರ ಚುನಾವಣೆಯಲ್ಲಿ ಬಿದ್ದೇ ಹೋಯಿತು. ಆಮೇಲೆ ಕುಟುಂಬ ಯೋಜನೆಯ ಭಾರವೆಲ್ಲ ಹೆಂಗಸರ ಹೊಟ್ಟೆಗೆ ವರ್ಗವಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆಪರೇಷನ್ ಮಾಡಿಸಿಕೊಂಡ ವಿವಾಹಿತ ಹೆಂಗಸರು ಶೇ. 37.9. ಗಂಡಂದಿರು ಶೇ. 0.3. ಛತ್ತೀಸ್‌ಗಢದ ಬಿಲಾಸ್‌ಪುರದ ಬಳಿ 2014ರಲ್ಲಿ ಒಂದೇ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹನ್ನೆರಡಕ್ಕೂ ಹೆಚ್ಚು ಬಡ ಹೆಂಗಸರು ಸತ್ತರು. ಯಾವ ಸರ್ಕಾರ ಬಿತ್ತು?

ಈಗ ಗಾಳಿ ತಿರುಗುತ್ತಿದೆ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಸಮನಾಗಿ ಉಳಿಯಲು ಬೇಕಾದದ್ದು 2.1. 2024ರ ಅಕ್ಟೋಬರಿನಲ್ಲಿ ಆಂಧ್ರದ ಮುಖ್ಯಮಂತ್ರಿ ಹೆಚ್ಚು ಮಕ್ಕಳನ್ನು ಹೆರಬೇಕೆಂದು ಕರೆ ಕೊಟ್ಟರು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಚುನಾವಣೆಗೆ ನಿಲ್ಲಬಾರದೆಂದು ಅಲ್ಲಿದ್ದ ಹಳೆಯ ನಿಯಮವನ್ನೂ ಆ ವರ್ಷವೇ ತೆಗೆದುಹಾಕಿದರು. ಡಿಸೆಂಬರಿನಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘದ ಮುಖ್ಯಸ್ಥರು ಮೂರು ಮಕ್ಕಳಾದರೂ ಬೇಕೆಂದರು. ನಿನ್ನೆ ಬೇಡ ಎಂದವರು, ಇಂದು ಬೇಕು ಎನ್ನುವವರು, ಇಬ್ಬರೂ ಆಜ್ಞೆ ಮಾಡುವುದು ಒಂದೇ ಗರ್ಭಕ್ಕೆ. ನಿನಗೇನು ಬೇಕಮ್ಮ ಎಂದು ಅವಳನ್ನು ಯಾರೂ ಕೇಳಿಲ್ಲ.

ಹಾಗಾದರೆ ಬಂಜೆತನವೆಂಬುದು ಸುಳ್ಳು ಭಯವೇ? ಖಂಡಿತ ಅಲ್ಲ. ಲೋಕದಲ್ಲಿ ಆರು ಜನರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಈ ತೊಂದರೆ ಎದುರಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಪಾಶ್ಚಾತ್ಯ ದೇಶಗಳ ಗಂಡಸರಲ್ಲಿ 1973ರಿಂದ 2011ರ ನಡುವೆ ವೀರ್ಯಾಣುಗಳ ಸಾಂದ್ರತೆ ಅರ್ಧಕ್ಕಿಂತ ಹೆಚ್ಚು ಕುಸಿದಿದೆಯೆಂದು 2017ರ ಅಧ್ಯಯನವೊಂದು ತೋರಿಸಿತು. ಅದರ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ನಡೆಯುತ್ತಲೇ ಇದೆ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕೀಟನಾಶಕ ಕಾರ್ಖಾನೆಯೊಂದರ ಕೆಲಸಗಾರರು ತಮ್ಮಲ್ಲಿ ಬಹಳ ಮಂದಿಗೆ ಮಕ್ಕಳಾಗುತ್ತಿಲ್ಲ ಎಂದು ತಾವೇ ಮಾತಾಡಿಕೊಂಡರು. ಪರೀಕ್ಷೆ ಮಾಡಿಸಿದಾಗ ಡಿ.ಬಿ.ಸಿ.ಪಿ. ಎಂಬ ವಿಷ ಅವರ ವೀರ್ಯವನ್ನೇ ಸುಟ್ಟಿತ್ತು. ಮನೆಯಲ್ಲಿ ಹೆಂಡಂದಿರನ್ನು ದೂರುತ್ತ ಕುಳಿತಿದ್ದರೆ ಆ ವಿಷ ಎಂದೂ ಪತ್ತೆಯಾಗುತ್ತಿರಲಿಲ್ಲ. ಬರಿಗೈಯಲ್ಲಿ ಔಷಧಿ ಕಲಸಿ ಹೊಡೆಯುವ ನಮ್ಮ ರೈತ ಕುಟುಂಬಗಳು ಇದನ್ನು ಯೋಚಿಸಬೇಕು.

ವೈದ್ಯಶಾಸ್ತ್ರ ಹೇಳುವುದಿಷ್ಟೆ: ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಬೀಡಿ, ಸಿಗರೇಟು, ಕುಡಿತ, ವೃಷಣದ ರಕ್ತನಾಳಗಳ ಊತ, ದೊಡ್ಡವನಾದ ಮೇಲೆ ಬಂದ ಮಂಗನಬಾವು, ಹೀಗೆ ಹಲವು ಕಾರಣ. ಹೆಣ್ಣಿನಲ್ಲಿ ಥೈರಾಯ್ಡ್, ಅಂಡಾಶಯದ ತೊಂದರೆ, ಸೋಂಕಿನಿಂದಲೋ ಗರ್ಭಕೋಶದ ಕ್ಷಯದಿಂದಲೋ ಮುಚ್ಚಿಹೋದ ನಾಳಗಳು. ಇವು ಕಾಯಿಲೆಗಳು, ಪಾಪದ ಫಲವಲ್ಲ. ಆದರೆ ನಮ್ಮ ಭಾಷೆ ನೋಡಿ. 'ಬಂಜೆ' ಎಂಬ ಮಾತಿಗೆ ಕನ್ನಡದಲ್ಲಿ ಪುಲ್ಲಿಂಗವೇ ಇಲ್ಲ! 'ಷಂಡ' ಎಂಬ ಬೈಗುಳವಿದೆ, ಅದರ ಅರ್ಥ ಬೇರೆ. ಸಂಸಾರ ಮಾಡಲು ಸಮರ್ಥನಾದ, ಆದರೆ ವೀರ್ಯದಲ್ಲಿ ಜೀವಕಣಗಳಿಲ್ಲದ ಗಂಡಸಿಗೆ ನಮ್ಮ ಆಡುಮಾತಿನಲ್ಲಿ ಹೆಸರೇ ಇಲ್ಲ. ಗಿಲಿಯಡ್ ಕಾನೂನು ಮಾಡಿ ಮುಚ್ಚಿಟ್ಟದ್ದನ್ನು ನಾವು ಕಾನೂನಿಲ್ಲದೆಯೇ ಮುಚ್ಚಿಟ್ಟಿದ್ದೇವೆ.

ಈ ಮೌನದ ಬೆಲೆ ತೆರುವವಳು ಹೆಣ್ಣು. ಸೀಮಂತಕ್ಕೆ ಅವಳನ್ನು ಕರೆಯುವುದಿಲ್ಲ, ಉಡಿ ತುಂಬುವಾಗ ಹಿಂದೆ ನಿಲ್ಲಿಸುತ್ತಾರೆ. ಇದರ ಜೊತೆಗೆ ಈಗ ಚಿಕಿತ್ಸೆ ಎಂಬ ಹೊಸ ವರದಕ್ಷಿಣೆ ಹುಟ್ಟಿಕೊಂಡಿದೆ. ಪ್ರನಾಳ ಶಿಶುವಿನ ಒಂದು ಸುತ್ತಿನ ಖರ್ಚು ಲಕ್ಷ ದಾಟುತ್ತದೆ. "ನಿಮ್ಮ ಮಗಳಲ್ಲಿ ದೋಷ, ಖರ್ಚು ನೀವೇ ಕೊಡಿ" ಎಂದು ಬೀಗರು ಕೇಳುತ್ತಾರೆ. ದೋಷ ಗಂಡನಲ್ಲೇ ಇದ್ದು ವೀರ್ಯಾಣುಗಳು ಕಡಿಮೆಯಿದ್ದರೂ, ಅದಕ್ಕೆ ಮಾಡುವ ಚಿಕಿತ್ಸೆಯಲ್ಲಿ ದಿನಾ ಹಾರ್ಮೋನು ಚುಚ್ಚುಮದ್ದು ಹಾಕಿಸಿಕೊಳ್ಳುವವಳು ಹೆಂಡತಿ. ಹಣ ಬಾರದಿದ್ದರೆ ಎರಡನೇ ಮದುವೆಯ ಬೆದರಿಕೆ. ಹೊಸ ಸೊಸೆ ಬಂದರೆ ಹೊಸ ವರದಕ್ಷಿಣೆಯೂ ಬರುತ್ತದಲ್ಲ! ಸೀಮೆಎಣ್ಣೆ, ಬಾವಿ, ನೇಣಿನ ಎಷ್ಟು ಸುದ್ದಿಗಳ ಹಿಂದೆ ಈ ಒಂದು ಮಾತಿದೆ ಎಂಬುದು ನಮಗೆ ಗೊತ್ತಿದೆ.

ಮಗು ಬೇಕೆಂಬ ಆಸೆಯನ್ನು ನಾನು ಹೀಗಳೆಯುತ್ತಿಲ್ಲ. ಬಯಸಿದವಳಿಗೆ ಚಿಕಿತ್ಸೆ ಸಿಗಬೇಕು, ಅದೂ ಸರ್ಕಾರಿ ಆಸ್ಪತ್ರೆಯಲ್ಲಿ, ಬಡವರ ಕೈಗೆಟುಕುವಂತೆ. ಬೇಡವೆಂದವಳಿಗೆ ಬೇಡವೆನ್ನುವ ಹಕ್ಕೂ ಇರಬೇಕು. ಲೋಕದಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದರೆ ನೀರು, ಗಾಳಿ, ಹೊಲದ ವಿಷವನ್ನು ತಡೆಯಲಿ. ಬಾಣಂತಿಗೆ ರಜೆ, ಕೂಸಿಗೆ ಶಿಶುವಿಹಾರ, ಗಂಡಸಿಗೆ ಮನೆಗೆಲಸದಲ್ಲಿ ಪಾಲು ಕೊಡಲಿ. ಹೆಣ್ಣನ್ನು ಹೊಡೆದು, ಹೆದರಿಸಿ, ಹೆರಿಸಿ ಉಳಿಸಿಕೊಳ್ಳಬೇಕಾದ ಕುಲ ಯಾವ ಕುಲ?

ಗೆಳತಿಯರೇ, ಕಾನೂನು ನಮ್ಮ ಕಡೆ ಇದೆ, ಅದನ್ನು ತಿಳಿದಿರೋಣ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 3ನೇ ಕಲಮು ಓದಿ. ಮಗುವಿಲ್ಲವೆಂದು ಅಥವಾ ಗಂಡುಮಗುವಿಲ್ಲವೆಂದು ಹೀಯಾಳಿಸುವುದನ್ನು ಅದು ಸ್ಪಷ್ಟವಾಗಿ ಹೆಸರಿಸಿ ದೌರ್ಜನ್ಯವೆಂದು ಕರೆದಿದೆ. 'ಬಂಜೆ' ಎಂಬ ಒಂದು ಮಾತಿಗೂ ಸಂರಕ್ಷಣಾಧಿಕಾರಿಯ ಬಳಿ ದೂರು ಕೊಡಬಹುದು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೇ ಆ ಹೊಣೆಯಿದೆ. ಮಹಿಳಾ ಸಹಾಯವಾಣಿ 181 ಇದೆ. ಹಣಕ್ಕಾಗಿ ಹಿಂಸಿಸುವ ಗಂಡ ಮತ್ತು ಅವನ ಮನೆಯವರ ವಿರುದ್ಧ ಇದ್ದ 498-ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿ ಮುಂದುವರಿದಿದೆ. ಮಕ್ಕಳಾಗಲಿಲ್ಲ ಎಂಬುದು ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಕಾರಣವೇ ಅಲ್ಲ. ಆ ಕಾಯ್ದೆಯಡಿ ಮದುವೆಯಾದವನು ಮೊದಲ ಹೆಂಡತಿ ಬದುಕಿರುವಾಗ, ವಿಚ್ಛೇದನವಿಲ್ಲದೆ ಇನ್ನೊಂದು ಮದುವೆಯಾದರೆ ಅದು ಅಪರಾಧ.

ಕಾನೂನಿಗಿಂತ ಮೊದಲು ಸಂಘ ಮಾಡಬಹುದಾದ ಕೆಲಸಗಳಿವೆ. ಮಕ್ಕಳ ಚಿಕಿತ್ಸೆಗೆ ಯಾರೇ ಸಾಲ ಕೇಳಲಿ, ಗಂಡ ಹೆಂಡತಿ ಇಬ್ಬರ ಪರೀಕ್ಷೆಯೂ ಆಗಿರಬೇಕೆಂದು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಸಂಘದ ಯಾವ ಮನೆಯ ಸೀಮಂತ, ತೊಟ್ಟಿಲು, ಅರಿಶಿನ ಕುಂಕುಮಕ್ಕೂ ಮಕ್ಕಳಿಲ್ಲದವಳನ್ನು ಮೊದಲು ಕರೆಯಿರಿ. ಪಾಸ್‌ಬುಕ್ ನಿಮ್ಮ ಹತ್ತಿರವೇ ಇರಲಿ. ಮುಖ್ಯವಾಗಿ, ನಮ್ಮ ಬಾಯಿಂದ ಆ ಮಾತು ಬಾರದಿರಲಿ. ನಮ್ಮಲ್ಲಿ ಎಷ್ಟೋ ಮಂದಿ ಅತ್ತೆಯರೂ ಆಗಿದ್ದೇವೆ.

ಸಾಲುಮರದ ತಿಮ್ಮಕ್ಕನವರಿಗೆ ಮಕ್ಕಳಿರಲಿಲ್ಲ. ಗಂಡ ಚಿಕ್ಕಯ್ಯನವರೊಡನೆ ಹುಲಿಕಲ್–ಕುದೂರು ದಾರಿಯಲ್ಲಿ ಆಲದ ಗಿಡಗಳನ್ನು ನೆಟ್ಟು ಮಕ್ಕಳಂತೆ ಸಾಕಿದರು. 2019ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ಅವರು ತೀರಿಕೊಂಡಾಗ ನಾಡೇ ಕಣ್ಣೀರಿಟ್ಟಿತು. ಆ ತಾಯಿಗೆ ನನ್ನ ನಮಸ್ಕಾರ. ಆದರೆ ಒಂದು ಪ್ರಶ್ನೆ: ಮಕ್ಕಳಿಲ್ಲದ ಹೆಣ್ಣು ಮರ್ಯಾದೆಯಿಂದ ಬದುಕಲು ನೂರಾರು ಮರ ನೆಟ್ಟು ಪ್ರಶಸ್ತಿ ಪಡೆಯಲೇಬೇಕೇ? ಏನೂ ನೆಡದೆ, ಉಂಡು, ದುಡಿದು, ನಕ್ಕು, ನಿಮ್ಮ ಪಕ್ಕದ ಮನೆಯಲ್ಲಿ ಸುಮ್ಮನೆ ಇರುವ ಹಕ್ಕು ಅವಳಿಗಿಲ್ಲವೇ?

ಅಂದಿನ ಸಭೆಯ ಹೆಣ್ಣುಮಗಳ ವಿಷಯ ಕೇಳುವಿರಿ. ಸಂಘ ಸಾಲವನ್ನು ತಡೆಹಿಡಿಯಿತು. ಹಿರಿಯ ಸದಸ್ಯೆಯರಿಬ್ಬರು ಮನೆಗೆ ಹೋಗಿ ಅತ್ತೆಯನ್ನೂ ಗಂಡನನ್ನೂ ಕೂರಿಸಿ ಮಾತಾಡಿದರು. ಮೂರು ತಿಂಗಳು ಸತಾಯಿಸಿ ಕೊನೆಗೆ ಅವನು ಆಸ್ಪತ್ರೆಗೆ ಹೋದ. ಪರೀಕ್ಷೆಯಲ್ಲಿ ಏನು ಬಂತೆಂದು ನಾನು ಬರೆಯುವುದಿಲ್ಲ. ಅದು ಅವರಿಬ್ಬರದು. ಹೆಣ್ಣಿನ ತಲೆಯ ಮೇಲಿನ ಅವಮಾನವನ್ನು ಇಳಿಸಿ ಗಂಡಿನ ತಲೆಗೆ ಹೊರಿಸುವುದು ನಮಗೆ ಬೇಕಿಲ್ಲ. ಅದು ಯಾರ ತಲೆಯ ಮೇಲೂ ಇರಬಾರದು.

ಮುಂದಿನ ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದಿಸಿ. ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತವಳಿದ್ದರೆ ಅವಳನ್ನು ನಿಮ್ಮ ಪಕ್ಕಕ್ಕೆ ಕರೆದು ಕೂರಿಸಿಕೊಳ್ಳಿ.